ಆಲ್ಡರನ ತಾಯಿಗಿಡ

ಹಂಬೋಲ್ಟ್ ಗುಡ್ಡ
ಜುಲೈ ೧೯

ಪ್ರಿಯ ಲೋವೆಲ್,

ನಿನ್ನ ಕಾಗದ ಚಳಿಗಾಲದಲ್ಲೇ ಬಂದಿತ್ತು. ಉತ್ತರಕ್ಕೆ ಇಷ್ಟು ತಡ ಮಾಡಿದ್ದಕ್ಕೆ ಬೈದುಕೋ, ಬೇಜಾರಿಲ್ಲ. ಸೊಂಟ ನೋವು ಹೇಗಿದೆ? ಒರೆಗಾನಿನ ಆ ಕೆಸರಲ್ಲಿ ಇನ್ನೂ ಬರಿಗಾಲಲ್ಲೇ ಓಡಾಡುತ್ತೀಯಾ, ಇಲ್ಲಾ ಹೊಸ ಹೆಂಡತಿ ಬೂಟು ಹಾಕಿಸಿದ್ದಾಳಾ? ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ.

ಆಲ್ಡರನ ಗಿಡದ ಒಂದು ಕಡ್ಡಿ ಬೇಕು, ಮಗನದ್ದು ಅಂತ ನನ್ನ ಹಿತ್ತಿಲಲ್ಲೂ ಒಂದಿರಲಿ ಎಂದು ನೀನು ಕೇಳಿದ್ದೆ. ಕೊಡಲಾರೆ ಲೋವೆಲ್. ಆ ಗಿಡ ಈಗಿಲ್ಲ. ಇದೊಂದು ಸಾಲು ಬರೆಯಲಾಗದೆ ಇಷ್ಟು ತಿಂಗಳು ಕಳೆದೆ.

ಅವನು ಬೀಜ ಹಾಕಿ ಎಬ್ಬಿಸಿದ ಗಾಂಜಾ ಗಿಡ, ಟ್ರಕ್ಕು ನದಿಗೆ ಬಿದ್ದು ಅವನು ಹೋದ ವರ್ಷ ಎದೆಮಟ್ಟ ಇತ್ತು, ನಿನಗೆ ಗೊತ್ತೇ ಇದೆ. ಅಂದಿನಿಂದ ಪ್ರತಿ ಚಳಿಗಾಲವೂ ಅದರ ಕಡ್ಡಿ ಕತ್ತರಿಸಿ ಬೇರು ಬರಿಸಿ, ಅದನ್ನೇ ಮುಂದಿನ ತಾಯಿಗಿಡ ಮಾಡುತ್ತ ಬಂದೆ. ನೋಡುವವರಿಗೆ ಹೊಸ ಗಿಡ, ನನಗೆ ಮಾತ್ರ ಅವನು ಮುಟ್ಟಿದ ಅದೇ ಗಿಡ.

ಹಿಂದಿನ ವರ್ಷ ಹಳೇ ಸ್ನೇಹಿತನೊಬ್ಬ ಊಟಕ್ಕೆ ಬಂದಾಗ ತನ್ನ ತೋಟದ ಕಡ್ಡಿಯೊಂದನ್ನು ಕೈಯಲ್ಲಿಟ್ಟ. ಗಾಂಜಾ ಬೆಳೆದೇ ಬದುಕುವ ನಮ್ಮ ಗುಡ್ಡದಲ್ಲಿ ಹಾಗೆ ಕೊಟ್ಟದ್ದನ್ನು ಬೇರೆ ಕಡೆ ಇಟ್ಟು ಪರೀಕ್ಷೆ ಮಾಡುವುದೆಂದರೆ ಅವರು ಬಡಿಸಿದ ಅನ್ನ ಮೂಸಿ ನೋಡಿದ ಹಾಗೆ. ಆಲ್ಡರನ ಗಿಡವಿದ್ದ ಮೇಜಿನ ಮೇಲೇ ಇಟ್ಟೆ, ಎರಡಕ್ಕೂ ಅದೇ ಕತ್ತರಿ ಆಡಿಸಿದೆ. ಅದರೊಳಗಿದ್ದ ರೋಗ ಅವನಿಗೂ ಗೊತ್ತಿರಲಿಲ್ಲ. ಆಮೇಲೆ ಆಲ್ಡರನ ಗಿಡದ ಎಲೆ ಸಣ್ಣದಾಯಿತು, ರೆಂಬೆ ಮುಟ್ಟಿದರೆ ಮುರಿಯತೊಡಗಿತು, ವಾಸನೆಯಂತೂ ಹೋಗೇಬಿಟ್ಟಿತು. ನಾನು ನೀರನ್ನು ಬೈದೆ, ಕಾಡ್ಗಿಚ್ಚಿನ ಹೊಗೆಯನ್ನು ಬೈದೆ, ಗೊಬ್ಬರದ ಮೇಲೆ ಗೊಬ್ಬರ ಸುರಿದೆ.

ಕೊನೆಗೆ ಕೆಳಗಿನ ತೋಟ ಕೊಂಡಿರುವ ನೀವಾ ಎಂಬ ಹುಡುಗಿ ಎಲೆ ಪರೀಕ್ಷೆಗೆ ಕಳಿಸಿದಳು. "ಇದಕ್ಕೆ ಔಷಧಿ ಇಲ್ಲ ಮಾರ್ಲಿಸ್," ಅಂದಳು. "ನೀನು ಎಷ್ಟು ಕಡ್ಡಿ ಕತ್ತರಿಸಿದ್ರೂ ರೋಗ ಜೊತೆಗೇ ಬರುತ್ತೆ. ಸುಟ್ಟುಬಿಡು. ಬೀಜ ಹಾಕು."

"ಬೀಜದಿಂದ ಬರೋದು ಈ ಗಿಡ ಅಲ್ಲ ಕಣೇ."

"ಅಲ್ಲ. ಇದರ ಮಕ್ಕಳು."

"ಬೀಜ ಎಲ್ಲಿಂದ ತರ್ಲಿ? ಗಂಡುಗಿಡ ಕಂಡ್ರೆ ಕಿತ್ತು ಬಿಸಾಕೋಳು ನಾನು. ನನ್ನ ತೋಟದಲ್ಲಿ ಬೀಜ ಕಟ್ಟಿದ್ದು ಯಾವಾಗ?"

"ಗಂಡಸರನ್ನ ಹೊರಗೆ ಹಾಕೋದ್ರಲ್ಲಿ ನೀನು ಎತ್ತಿದ ಕೈ ಅಂತ ಇಡೀ ಗುಡ್ಡಕ್ಕೆ ಗೊತ್ತು ಬಿಡು." ನಿನ್ನನ್ನೂ ಸೇರಿಸಿ ಹೇಳಿದಳು ಅಂತ ಕಾಣುತ್ತದೆ.

ಆದರೆ ಆ ರೋಗಿಷ್ಟ ಗಿಡ ಕೊನೆಗಾಲದಲ್ಲಿ ತಾನೇ ಹೆಣ್ಣು ಹೂಗಳ ನಡುವೆ ಹಳದಿ ಗಂಡು ಹೂ ಬಿಟ್ಟಿತು. ಹಾಗೆ ಬಿಟ್ಟ ಗಿಡವನ್ನು, ಪರಾಗ ಹಾರಿ ಅಕ್ಕಪಕ್ಕದ ತೋಟದ ಹೂವೆಲ್ಲ ಬೀಜ ಕಟ್ಟಿ ಕೆಡುತ್ತದೆಂದು, ಇಲ್ಲಿ ಅದೇ ದಿನ ಕಡಿಯುತ್ತಾರೆ. ನಾನು ಕೋಳಿಗೂಡಿನೊಳಗೆ ಬಟ್ಟೆ ಮುಚ್ಚಿ ಬಚ್ಚಿಟ್ಟೆ. ಒಂದು ಚಿಟಿಕೆ ಬೀಜ ಸಿಕ್ಕಿತು. ಆಮೇಲೆ ನೀವಾ ಜೊತೆ ಸೇರಿ ಗಿಡ ಸುಟ್ಟೆ. ಅವಳು ಸಮಾಧಾನದ ಮಾತೊಂದೂ ಆಡಲಿಲ್ಲ, ಪುಣ್ಯಾತಗಿತ್ತಿ.

ಈಗ ಸಸಿಗಳು ಮೊಣಕಾಲೆತ್ತರ ಬಂದಿವೆ. ಒಂದರ ಹಾಗೆ ಇನ್ನೊಂದಿಲ್ಲ. ಒಂದು ಉದ್ದ, ಒಂದರ ಕಾಂಡ ಕೆಂಪು, ಒಂದು ಸದಾ ಮುನಿಸಿಕೊಂಡಿರುತ್ತದೆ. ಬೇರು ಮಾತ್ರ ನೇರ ಆಳಕ್ಕಿಳಿದಿದೆ. ಮೊನ್ನೆಯ ಗಾಳಿಗೆ ನೀವಾ ಕಡ್ಡಿಯಿಂದ ಎಬ್ಬಿಸಿದ ಗಿಡಗಳು ಮಲಗಿದವು, ಇವು ನಿಂತಿದ್ದವು. ದಿನಾ ಬೆಳಿಗ್ಗೆ ಕಾಂಡ ಉಜ್ಜಿ ಬೆರಳು ಮೂಸುತ್ತೇನೆ, ಅವನ ಗಿಡದ ಆ ಕಿತ್ತಳೆ ಸಿಪ್ಪೆ, ಸೀಮೆಎಣ್ಣೆ ವಾಸನೆ ಬಂತಾ ಅಂತ. ಒಂದು ಪುದೀನದ ಹಾಗಿದೆ, ಇನ್ನೊಂದು ನೆನೆದ ನಾಯಿಯ ಹಾಗೆ. "ಹೂ ಬಿಡೋವರೆಗೂ ಕಾಯಿ," ಅನ್ನುತ್ತಾಳೆ ನೀವಾ. ಕಾದು ಕಾದು ಸಾಕಾಗಿದೆ ನನಗೆ.

ಅವಳು ನಿಮ್ಮ ಕಡೆ ಹೊರಟಿದ್ದಾಳೆ, ಉಳಿದ ಬೀಜದಲ್ಲಿ ಅರ್ಧ ಈ ಕಾಗದದ ಜೊತೆ ಅವಳ ಕೈಯಲ್ಲೇ ಕಳಿಸಿದ್ದೇನೆ. ರೋಗ ಇದ್ದರೂ ಇರಬಹುದು, ಬೇರೆ ಗಿಡಗಳಿಂದ ದೂರ ಇಡು. ಅವನ ಗಿಡದಂತೆ ಬರಲಿಲ್ಲವೆಂದು ಕಿತ್ತು ಹಾಕಬೇಡ. ನಿನ್ನ ಹಿತ್ತಿಲಿಗೆ ಬಿಸಿಲು ಸಿಗಲಿ, ನಿನಗೆ ನೋವಿಲ್ಲದ ನಿದ್ದೆ ಬರಲಿ.

ನಿನ್ನ ಜೊತೆ ಒಂದು ಕಾಲದಲ್ಲಿ ಬಾಳಿದ
ಮಾರ್ಲಿಸ್

ತಾ.ಕ.: ಆ ಗಿಡ ಮೂಸಿದಾಗಲೆಲ್ಲ ಆಲ್ಡರ್ ನನ್ನನ್ನು ಕರೆಯುವುದು ಕಿವಿಗೆ ಕೇಳಿಸುತ್ತಿತ್ತು. ವಾಸನೆ ಹೋದ ಮೇಲೆ ಅವನ ದನಿಯೂ ಹೋಯಿತು. ಎಷ್ಟು ನೆನೆದರೂ ಬರುತ್ತಿಲ್ಲ. ಫೋನಿನಲ್ಲಿ ಅಪ್ಪ ಮಗ ನಿಮ್ಮಿಬ್ಬರ ದನಿ ಯಾರಿಗೂ ಬೇರೆ ಬೇರೆ ಎಂದು ಗೊತ್ತಾಗುತ್ತಿರಲಿಲ್ಲ. ಒಂದು ಸಲ ಫೋನ್ ಮಾಡು ಲೋವೆಲ್. ಬೇರೇನೂ ಮಾತಾಡಬೇಡ. ಅಮ್ಮಾ ಅಂತ ಕರೆದು ಇಟ್ಟುಬಿಡು.