ಮೆಕ್‌ರಿಚಿ ಕಾಡಿನಲ್ಲಿ ಚರಗ

ಹೌಗಾಂಗ್, ಆಗಸ್ಟ್ 2017

ಬದರಿನಾಥ್ ಅವರೇ,

ನಾನು ಶಿವಲಿಂಗವ್ವ. ಮುಧೋಳದ ಗುರುಬಸಪ್ಪನವರ ಹೆಂಡತಿ, ಇಬ್ಬರು ಗಂಡುಮಕ್ಕಳನ್ನು ಓದಿಸಿ ನೆಲೆ ನಿಲ್ಲಿಸಿದವಳು. ನಾನು ಓದಿದ್ದು ಹೈಸ್ಕೂಲಿನವರೆಗೆ. ಆದರೂ ಈ ಮನೆಯಲ್ಲಿ ಇವತ್ತಿಗೂ ನನ್ನ ಮಾತೇ ಕೊನೆಯದು. ನಿಮ್ಮ ಮೆಸೇಜಿಗೆ ಮೊಬೈಲಿನಲ್ಲೇ ಎರಡು ಸಾಲು ಹಾಕಬಹುದಿತ್ತು. ಕೈಯಾರೆ ಬರೆದರೆ ನೀವು ಎರಡು ಸಲ ಓದುತ್ತೀರಿ ಎಂದು ಕಾಗದ ತೆಗೆದುಕೊಂಡೆ.

ಹೋದ ವರ್ಷ ಜನವರಿಯಲ್ಲಿ ಬಂದ ಎಳ್ಳ ಅಮಾವಾಸ್ಯೆ. ನೀವು ನಡೆಸುವ ಶನಿವಾರದ ನಡಿಗೆಗೆ ಮೊಮ್ಮಗಳು ನಿಶ್ಚಿತಾಳ ಕೈ ಹಿಡಿದು ನಾನೂ ಮೆಕ್‌ರಿಚಿ ಕಾಡಿಗೆ ಬಂದಿದ್ದೆ. ನಮ್ಮ ಕಡೆ ಆ ದಿನ ಹೊಲಕ್ಕೆ ಹೋಗಿ, ಬುತ್ತಿಯಲ್ಲಿ ಒಂದು ಪಾಲನ್ನು ಭೂಮಿಗೆ ಚೆಲ್ಲಿ ಆಮೇಲೆ ಉಣ್ಣುತ್ತೇವೆ. ಅದೇ ಚರಗ. ಈ ಪರದೇಶಕ್ಕೆ ಬಂದು ಆರು ವರ್ಷ ಮಗನ ಮನೆಯ ಹನ್ನೊಂದನೇ ಮಹಡಿಯಲ್ಲಿ ಕಳೆದವಳಿಗೆ ಮಣ್ಣು ಕಂಡಿತು. ಸಜ್ಜೆ ಕಡುಬು ಮುರಿದು ಚೆಲ್ಲಿದೆ. ಮಂಗಗಳು ಬಂದವು. ಅಲ್ಲಿ ಹಾಗೆ ಮಾಡಬಾರದು, ತಪ್ಪು ನನ್ನದೇ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ.

ಆದರೆ ದುರ್ಬೀನು ನೇತುಹಾಕಿಕೊಂಡ ಆ ದಾರಿಹೋಕ ಕಡುಬಿನ ಮಾತೇ ಎತ್ತಲಿಲ್ಲ. ನಿಶ್ಚಿತಾಳತ್ತ ಬೆರಳು ಮಾಡಿ, ಇಷ್ಟು ಕಪ್ಪಗಿರುವ ನಿಮ್ಮ ಜನಕ್ಕೆ ಕಾಡು ಯಾಕೆ ಬೇಕು ಎಂದು ಇಂಗ್ಲಿಷಿನಲ್ಲಿ ಕೇಳಿದ. ಗುಂಪಿನ ಮುಂದಾಳು ನೀವು. ನಿಮ್ಮ ಬಣ್ಣವೂ ನಮ್ಮದೇ. “ನೋ ನೋ, ದೇ ಆರ್ ನಾಟ್ ವಿತ್ ಅಸ್” ಎಂದು ನಕ್ಕಿರಿ. ಆಮೇಲೆ ನನ್ನ ಕಿವಿಯ ಹತ್ತಿರ, “ಏನ್ ಆಂಟಿ, ಇದೇನು ನಿಮ್ಮೂರಿನ ಹೊಲಾನಾ? ಎಲ್ಲರ ಮಾನ ಕಳೀತೀರಲ್ಲ” ಎಂದಿರಿ. ಹದಿನಾರು ಜನ ನಿಮ್ಮ ಹಿಂದೆ ಹೊರಟುಹೋದರು. ನಿಮ್ಮ ಹೆಂಡತಿ ನಿರುಪಮಾ ಮಾತ್ರ ಎರಡು ಸಲ ತಿರುಗಿ ನೋಡಿದಳು.

ಒಂಬತ್ತು ವರ್ಷದ ಹುಡುಗಿ ಆಮೇಲೆ ಎಂಟು ತಿಂಗಳು ಕಾಡಿನ ಹೆಸರೆತ್ತಲಿಲ್ಲ. ಬ್ಲಾಕಿನ ಪಕ್ಕದ ಪಾರ್ಕಿಗೂ ಉದ್ದ ತೋಳಿನ ಅಂಗಿ ಹಾಕಿ ಮೈ ಮುಚ್ಚಿಕೊಂಡು ಹೋಗುತ್ತಿದ್ದಳು. ಕೇಳಿದರೆ, ಇಲ್ಲಿಯ ಮಕ್ಕಳು ಮಾತಿಗೆ ಸೇರಿಸುವ ‘ಲಾ’ ಸೇರಿಸಿ, “ನಾವು ಹೋದ್ರೆ ಬೈತಾರೆ ಲಾ, ಅಜ್ಜಿ” ಎನ್ನುತ್ತಿದ್ದಳು. ಆ ಮಾತಿಗೆ ನಾನು ನಿಮ್ಮನ್ನು ಕ್ಷಮಿಸಿಲ್ಲ, ಕ್ಷಮಿಸುವ ಆಸೆಯೂ ಇಲ್ಲ.

ಅವಳಿಗಾಗಿ ನಾನು ಕಾಡು ಕಲಿತೆ. ಬುತ್ತಿ ಚೀಲದೊಳಗೇ ಇರಬೇಕು, ಮಂಗದ ಕಣ್ಣಿಗೆ ಬೀಳಬಾರದು. ಬ್ಲಾಕಿನ ತಮಿಳು ಹೆಂಗಸರನ್ನು, ಮಲಯ ಅಜ್ಜಿಯರನ್ನು, ಭಾನುವಾರ ರಜೆಯಿರುವ ಬಾಂಗ್ಲಾದ ಕಟ್ಟಡ ಕೆಲಸಗಾರರನ್ನು ಕಾಡಿನ ನಡಿಗೆಗೆ ಕರೆದೆ. ನಮ್ಮಲ್ಲಿ ಒಬ್ಬರನ್ನು ಯಾರಾದರೂ ಕೆಣಕಿದರೆ ಇಡೀ ಸಾಲು ನಿಲ್ಲಬೇಕು ಎಂದು ಹೇಳಿದ್ದೇನೆ. ಜಗಳವಿಲ್ಲ. ನಲವತ್ತು ಜನ ನಿಂತು ಸುಮ್ಮನೆ ನೋಡಿದರೆ ಎಂಥವನ ಬಾಯಿಯೂ ಒಣಗುತ್ತದೆ. ಮೊದಲು ನನ್ನ ಸೆರಗು ಹಿಡಿದು ಬಂದ ನಿಶ್ಚಿತಾ ಈಗ ಸಾಲಿನ ಮುಂದಿದ್ದಾಳೆ.

ನಿಮ್ಮ ಹದಿನಾರು ಜನರಲ್ಲಿ ಹತ್ತು ಜನರನ್ನು ನಾನೇ ಒಬ್ಬೊಬ್ಬರಾಗಿ ಕರೆದುಕೊಂಡೆ. ಬೇಕೆಂದೇ. ಅದಕ್ಕೇ ಅಲ್ಲವೇ ಹೋದ ವಾರ ನಿಮ್ಮ ಮೆಸೇಜು ಬಂದದ್ದು: “ಆಂಟಿ, ಎರಡೂ ಗ್ರೂಪ್ ಮರ್ಜ್ ಮಾಡೋಣ. ನಾನು ಲೀಡ್ ಮಾಡ್ತೀನಿ.”

ಭಾನುವಾರ ನಮ್ಮ ಬ್ಲಾಕಿನ ಕೆಳಗಿನ ತೆರೆದ ಜಾಗ, ವಾಯ್ಡ್ ಡೆಕ್‌ನಲ್ಲಿ ಎಲ್ಲರ ಮುಂದೆ ನಿಶ್ಚಿತಾಳಿಂದಲೇ ಅದನ್ನು ಓದಿಸಿದೆ. ಅಂದು ನೀವಾಡಿದ್ದನ್ನು ನಾನು ಹೇಳಿದೆ. ಉತ್ತರ ಏನು ಕೊಡಲಿ ಎಂದು ಅವಳನ್ನೇ ಕೇಳಿದೆ. “ಬೇಡ ಅಜ್ಜಿ. ಲೇಟ್ ಆಯ್ತು, ನಡಿ” ಎಂದು ಬ್ಯಾಗು ಹೆಗಲಿಗೇರಿಸಿ ಹೊರಟಳು.

ನಿಮ್ಮ ನಂಬರನ್ನು ಅಂದೇ ನನ್ನ ಮೊಬೈಲಿನಿಂದ ತೆಗೆಸಿದ್ದೇನೆ. ನಮ್ಮ ಗುಂಪಿಗೆ ನಿರುಪಮಾಳ ಹೆಸರು ಸೇರಿಸಿದ್ದೇನೆ. ಅವಳೇ ಬಂದು ಕೇಳಿದಳು. ಭಾನುವಾರ ಬೆಳಿಗ್ಗೆ ಎಲ್ಲಿಗೆ ಹೋಗಿದ್ದಳೆಂದು ನಿಮಗೆ ಹೇಳಿರಲಿಕ್ಕಿಲ್ಲ.

ದೇವರು ನಿಮಗೆ ಆಯುಷ್ಯ ಕೊಡಲಿ. ನಿಮ್ಮ ಕಾಂಡೋ ಅಪಾರ್ಟ್‌ಮೆಂಟಿನ ಸುತ್ತ ಒಳ್ಳೆಯ ರಸ್ತೆಯಿದೆ, ಒಬ್ಬರೇ ನಡೆಯಿರಿ.

ಶಿವಲಿಂಗವ್ವ ಗುರುಬಸಪ್ಪ