ಐದು ಚುಕ್ಕೆಗಳ ಜಾಗದಲ್ಲಿದ್ದ ಹೆಸರು

ಮಾನ್ಯ ಶಿಸ್ತುಪಾಲನಾ ಅಧಿಕಾರಿಗಳೇ,

ಇಪ್ಪತ್ತೆರಡು ವರ್ಷ ಕ್ರೇನ್ ನಡೆಸಿದ ಮನುಷ್ಯನೊಬ್ಬನನ್ನು, ಒಂದು ಜೀವ ಉಳಿಸಿದ ತಪ್ಪಿಗೆ, ತಾವು ಕೆಳಗಿಳಿಸಿ ಗೇಟಿನ ಬಳಿ ಲಾರಿ ನಂಬರು ಬರೆಯಲು ಕೂರಿಸಿದ್ದೀರಿ. ಆದೇಶದಲ್ಲಿ ಕಾರಣ ಕೊಟ್ಟಿದ್ದೀರಿ: ‘ಕರ್ತವ್ಯದ ವೇಳೆ ವಾಕಿಟಾಕಿಯಲ್ಲಿ ಅಪಶಬ್ದ ನುಡಿದದ್ದು.’ ಆ ಅಪಶಬ್ದ ಯಾವುದೆಂದು ಊರಿಗೆಲ್ಲ ತಿಳಿಯಲಿ ಎಂದೇ ಈ ಪತ್ರವನ್ನು ತಮ್ಮ ಮೇಜಿಗೆ ಕಳಿಸದೆ ಪತ್ರಿಕೆಗೆ ಕಳಿಸುತ್ತಿದ್ದೇನೆ. ಮೇಜಿಗೆ ಕಳಿಸಿದ ಮೂರು ಅರ್ಜಿ ಏನಾಯಿತೆಂದು ತಮಗೂ ಗೊತ್ತು, ತಮ್ಮ ಕಸದ ಬುಟ್ಟಿಗೂ ಗೊತ್ತು. ಆ ಶಬ್ದ ‘ಯೇಸುವೇ’. ಅಷ್ಟೇ. ಅದರ ಹಿಂದೆ ಮುಂದೆ ಬೇರೆ ಒಂದಕ್ಷರವೂ ಇರಲಿಲ್ಲ.

ನಾನು ಇದೇ ಯಾರ್ಡಿನ ಉಗ್ರಾಣ ನೋಡಿಕೊಳ್ಳುವವನು. ಆ ಕ್ರೇನ್ ಚಾಲಕರು ನನ್ನ ಅಕ್ಕನ ಗಂಡ. ‘ಓಹೋ, ಭಾವನ ಪರ ವಕಾಲತ್ತು’ ಎಂದು ಮೂಗು ಮುರಿಯಬೇಡಿ. ಭಾವನಿಗಾಗಿ ಬರೆಯುವುದಕ್ಕೆ ನನಗೆ ನಾಚಿಕೆಯಿಲ್ಲ. ನಾಚಿಕೆ ಇರುವುದು ಬೇರೆಯದಕ್ಕೆ. ಯಾವ ನಿಯಮ ಹಿಡಿದು ತಾವು ಅವರಿಗೆ ಬಾರಿಸಿದಿರೋ, ಆ ನಿಯಮ ಬೇಕೆಂದು ತಮ್ಮ ಬಾಗಿಲಿಗೆ ಬಂದು ಕೈಕಟ್ಟಿ ನಿಂತವನು ನಾನೇ. ಬೇರೆಯವರು ಯಾರಾದರೂ ಮಾಡಿದ್ದರೆ ಬೈದುಕೊಂಡು ಸುಮ್ಮನಾಗಬಹುದಿತ್ತು.

ಉಗ್ರಾಣದ ಕಿಟಕಿಯಲ್ಲಿ ಕೂತು ಇಪ್ಪತ್ತೇಳು ವರ್ಷ ಕೇಳಿಸಿಕೊಂಡಿದ್ದೇನೆ ಸ್ವಾಮಿ. ಬೋಲ್ಟ್ ತಿರುಗದಿದ್ದರೆ ಯೇಸು. ಕೈಗವಸು ಮುಗಿದಿದೆ ಅಂದರೆ ಕ್ರಿಸ್ತ. ಲಾರಿ ತಡವಾದರೆ ಅವನ ತಾಯಿ. ನಾನು ಬೆಳಗ್ಗೆ ಎದ್ದು ಕೈಮುಗಿದು ಕರೆಯುವ ಹೆಸರನ್ನು ಕಿಟಕಿಯಾಚೆ ಕಫ ಉಗಿದ ಹಾಗೆ ಉಗಿಯುತ್ತಾರೆ. ನಮ್ಮ ಮತದವರು ಮಾತ್ರವಲ್ಲ, ಚರ್ಚಿನ ಮೆಟ್ಟಿಲು ಯಾವತ್ತೂ ತುಳಿಯದವರೂ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಾಗಲೆಲ್ಲ ಆ ಹೆಸರು ಹೇಳಿ ಪ್ರಿಂಟರಿಗೆ ಗುದ್ದುವ ಟೈಪಿಸ್ಟಮ್ಮನನ್ನು ಒಮ್ಮೆ ಕೇಳಿಯೇಬಿಟ್ಟೆ, ನಿಮಗೂ ಅವನಿಗೂ ಏನಮ್ಮಾ ಸಂಬಂಧ ಅಂತ. ಸಿನಿಮಾದಲ್ಲಿ ಎಲ್ಲರೂ ಹಾಗೇ ಅಂತಾರಲ್ಲ ಅಂದರು, ಪಾಪ, ಮುಖ ಸಣ್ಣದು ಮಾಡಿಕೊಂಡು. ಯಾಕೆ ಅದೇ ಹೆಸರು? ಸುತ್ತಿಗೆ ಹೆಬ್ಬೆರಳ ಮೇಲೆ ಬಿದ್ದಾಗ ‘ಅಯ್ಯೋ ಪ್ರಧಾನ ವ್ಯವಸ್ಥಾಪಕರೇ’ ಎಂದು ಯಾರಾದರೂ ಕೂಗಿದ್ದನ್ನು ತಾವು ಕೇಳಿದ್ದೀರಾ? ಹಿಡಿ ಸಡಿಲವಾದ ಸುತ್ತಿಗೆ ಕೊಡಿಸಿದವರು ಅವರು. ಬೈಸಿಕೊಳ್ಳುವುದಕ್ಕೆ ಮಾತ್ರ ಇವನು. ಹೊಟ್ಟೆ ಉರಿಯದೆ ಇರುತ್ತದೆಯೇ?

ಹಾಗಾಗಿ ಅರ್ಜಿ ಬರೆದೆ. ‘ಪವಿತ್ರ ನಾಮಗಳನ್ನು ಬೈಗುಳವಾಗಿ ಬಳಸದಂತೆ ಕೆಲಸಗಾರರಿಗೆ ತಿಳಿಹೇಳಬೇಕಾಗಿ ಪ್ರಾರ್ಥನೆ’ ಎಂಬುದು ನನ್ನ ವಾಕ್ಯ. ಪ್ರತಿ ನನ್ನ ಬಳಿ ಇದೆ. ಹತ್ತು ದಿನಕ್ಕೆ ತಮ್ಮ ಸುತ್ತೋಲೆ ಬಂತು: ‘ವಾಕಿಟಾಕಿಯಲ್ಲಿ ಪವಿತ್ರ ನಾಮಗಳ ಉಚ್ಚಾರಣೆಯನ್ನು ನಿಷೇಧಿಸಲಾಗಿದೆ. ಸದರಿ ನಾಮಗಳನ್ನು ಅಪಶಬ್ದವೆಂದು ಪರಿಗಣಿಸಲಾಗುವುದು.’ ಬೈಗುಳವಾಗಿ ಬಳಸುವುದರ ಮಾತು ಎಲ್ಲಿಗೆ ಹೋಯಿತು? ತಿಳಿಹೇಳುವುದರ ಮಾತು? ತಿಳಿಹೇಳುವುದಕ್ಕೆ ಒಂದು ಗಂಟೆ ಬೇಕು, ನಾಲ್ಕು ಜನರ ಜೊತೆ ನಿಂತು ಮಾತಾಡಬೇಕು. ನಿಷೇಧಕ್ಕೆ ಒಂದು ಹಾಳೆ ಸಾಕು. ನನ್ನ ದೇವರ ಮಾನ ಕಾಪಾಡಿ ಎಂದು ಕೇಳಿದರೆ ತಾವು ಅವನನ್ನೇ ಕೆಟ್ಟ ಮಾತುಗಳ ಪಟ್ಟಿಗೆ ಸೇರಿಸಿದಿರಿ.

ಅದು ನನಗೆ ಅವತ್ತು ಹೊಳೆಯಲಿಲ್ಲ, ಒಪ್ಪಿಕೊಳ್ಳುತ್ತೇನೆ. ಗೆದ್ದೆ ಅಂತ ಬೀಗಿದೆ. ನನ್ನ ಉಗ್ರಾಣದ ಅಂಟನ್ನೇ ತೆಗೆದುಕೊಂಡು ಹೋಗಿ, ಆ ಹಾಳೆಯನ್ನು ಸೂಚನಾ ಫಲಕದ ಮೇಲೆ ನಾನೇ ಅಂಟಿಸಿದೆ. ಭಾವ ಕನ್ನಡಕ ಏರಿಸಿ ಎರಡು ಸಲ ಓದಿದರು. ಹೆಸರು ಹೇಳೋದೇ ತಪ್ಪು ಅಂತ ಬರೆದಿದ್ದಾರಲ್ಲೋ ಅಂದರು. ನಿಮಗ್ಯಾಕೆ ಭಾವ ಚಿಂತೆ, ನೀವೇನು ಬೈಯೋರಾ ಅಂತ ನಾನು ಜೋರಾಗಿ ನಕ್ಕೆ. ಆ ನಗು ನೆನಪಾದರೆ ಈಗ ಕೆನ್ನೆಗೆ ಹೊಡೆದುಕೊಳ್ಳಬೇಕು ಅನಿಸುತ್ತದೆ.

ನಡೆದದ್ದನ್ನು ಓದುಗರಿಗಾಗಿ ಬರೆಯುತ್ತೇನೆ. ತಮಗೆ ಗೊತ್ತಿದೆ, ತಾವು ಗೊತ್ತಿಲ್ಲದವರಂತೆ ಇದ್ದೀರಿ ಅಷ್ಟೇ. ಕಳೆದ ತಿಂಗಳು ಹನ್ನೊಂದನೇ ತಾರೀಕು ಬೆಳಗ್ಗೆ ಹತ್ತೂವರೆಗೆ ಭಾವ ಕಬ್ಬಿಣದ ಕೊಳವೆಗಳ ಹೊರೆಯೊಂದನ್ನು ಎತ್ತುತ್ತಿದ್ದರು. ಹೊರೆ ಎರಡು ಪಟ್ಟಿಗಳಲ್ಲಿ ತೂಗುತ್ತಿತ್ತು. ಕೆಳಗೆ ಹೊರೆ ಕಟ್ಟುವವನು ಬೆನ್ನು ಹಾಕಿ ಬಗ್ಗಿ ಮರದ ದಿಮ್ಮಿ ಜೋಡಿಸುತ್ತಿದ್ದ. ಹೊರೆಯ ಕೆಳಗೆ ಇರಬಾರದಿತ್ತು, ನಿಜ. ಬೇಗ ಮುಗಿಸಿ ಅಂತ ಬೆಳಗ್ಗಿನಿಂದ ಬೆನ್ನು ಹತ್ತಿದವರು ಯಾರು ಎಂದು ನಾನು ಇಲ್ಲಿ ಕೇಳುವುದಿಲ್ಲ. ಈ ಹೊರೆ ಕಟ್ಟುವವನನ್ನು ಎಲ್ಲರೂ ‘ಸೈರನ್’ ಅಂತ ಕರೆಯುತ್ತೇವೆ, ಅಂಥ ಗಂಟಲು. ದಿನಕ್ಕೆ ನಲವತ್ತು ಸಲ ಯೇಸುವಿನ ಹೆಸರು ಹಿಡಿದು ಬೈಯುವವನು. ಬಾಯಿ ಮುಚ್ಚಿದ್ದರೆ ಹುಷಾರಿಲ್ಲ ಅಂತಲೇ ಲೆಕ್ಕ. ನನ್ನ ದೂರಿನ ಮುಕ್ಕಾಲು ಪಾಲು ಇವನ ಮೇಲೆಯೇ ಇತ್ತು.

ಒಂದು ಪಟ್ಟಿ ಜಾರಿತು. ತೊಂಬತ್ತು ಅಡಿ ಮೇಲೆ ಗಾಜಿನ ಗೂಡಿನಲ್ಲಿ ಕೂತವರ ಕೈಯಲ್ಲಿ ಇದ್ದದ್ದು ವಾಕಿಟಾಕಿ ಒಂದೇ. ಅಪಾಯವಾದರೆ ಹೇಳಬೇಕಾದ ಮಾತು ‘ನಿಲ್ಲಿ’ ಎಂದು ತಾವು ನಿಗದಿ ಮಾಡಿದ್ದೀರಿ. ಆ ಮಾತು ಕಿವಿಗೆ ಬಿದ್ದರೆ ಯಾರು ಎಲ್ಲಿದ್ದಾರೋ ಅಲ್ಲೇ ಕಂಬದ ಹಾಗೆ ನಿಲ್ಲಬೇಕೆಂದು ಪ್ರತಿ ಸೋಮವಾರ ನಮ್ಮನ್ನು ಸಾಲಾಗಿ ನಿಲ್ಲಿಸಿ ಅಭ್ಯಾಸ ಮಾಡಿಸಿದ್ದೀರಿ. ಭಾವ ನಿಯಮದ ಪ್ರಕಾರ ‘ನಿಲ್ಲಿ’ ಅಂದಿದ್ದರೆ ಸೈರನ್ ನಿಯಮದ ಪ್ರಕಾರವೇ ಆ ಹೊರೆಯ ಕೆಳಗೆ ನಿಲ್ಲುತ್ತಿದ್ದ. ನಿಯಮದ ಪ್ರಕಾರವೇ ಅವನನ್ನು ಗೋಣಿಯಲ್ಲಿ ತುಂಬಿಕೊಂಡು ಹೋಗಬೇಕಾಗುತ್ತಿತ್ತು. ಭಾವನ ಬಾಯಿಂದ ಬಂದದ್ದು ‘ಯೇಸುವೇ’. ಸೈರನ್ ತಲೆ ಕೂಡ ಎತ್ತಲಿಲ್ಲ, ಓಡಿದ. ಕೊಳವೆಗಳು ಬಂದು ಬಿದ್ದ ಜಾಗದಲ್ಲಿ ಅವನ ಹೆಲ್ಮೆಟ್ಟು ಮಾತ್ರ ಇತ್ತು. ಅದನ್ನು ನಾನೇ ಉಗ್ರಾಣಕ್ಕೆ ತಂದಿಟ್ಟಿದ್ದೇನೆ, ಚಪಾತಿಯಷ್ಟು ದಪ್ಪ ಉಳಿದಿದೆ. ತಾವು ಬಂದರೆ ತೋರಿಸುತ್ತೇನೆ.

ವಿಚಾರಣೆಯ ದಿನ ದೂರುದಾರ ಎಂಬ ಹೆಸರಿನಲ್ಲಿ ನನ್ನನ್ನೂ ಕರೆದು ಕೂರಿಸಿದಿರಿ. ವಾಕಿಟಾಕಿಯ ಮೂರು ಸೆಕೆಂಡಿನ ಧ್ವನಿಮುದ್ರಣವನ್ನು ಕೇಳುವ ವ್ಯವಧಾನ ತಮಗಿರಲಿಲ್ಲ, ಅದನ್ನು ಟೈಪು ಮಾಡಿದ ಹಾಳೆ ಇತ್ತಲ್ಲ. ಓಡಿದ್ದು ಯಾಕೆ ಎಂದು ಸೈರನ್ ತಾನಾಗಿಯೇ ಎದ್ದು ನಿಂತು ಹೇಳಿದ. ಅಪ್ರಸ್ತುತ ಎಂದು ಹೇಳಿ ಅವನ ಮಾತನ್ನು ತಾವು ದಾಖಲೆಗೆ ಬರೆಸಲಿಲ್ಲ, ಆದ್ದರಿಂದ ಇಲ್ಲಿ ನಾನು ಬರೆಯುತ್ತೇನೆ: “ಇಪ್ಪತ್ತೆರಡು ವರ್ಷದಲ್ಲಿ ಈ ಮನುಷ್ಯ ವಾಕಿಟಾಕಿಲಿ ಎತ್ತು, ಇಳಿಸು, ಸರಿ ಅನ್ನೋದು ಬಿಟ್ಟು ಏನೂ ಅಂದಿಲ್ಲ ಸಾರ್. ಅವರ ಬಾಯಿಂದ ಆ ಹೆಸರು ಬಂತು ಅಂದ್ರೆ ಆಗಬಾರದ್ದು ಏನೋ ಆಗ್ತಿದೆ ಅಂತ ಕಾಲಿಗೇ ಗೊತ್ತಾಯ್ತು. ಅದೇ ನಾನು ಕೂಗಿದ್ರೆ ಇಲ್ಲಿ ಒಬ್ಬರೂ ತಿರುಗಿ ನೋಡ್ತಿರಲಿಲ್ಲ.”

ಅಷ್ಟರಲ್ಲಿ ಜವಾನ ತಂದ ಕಾಫಿ ತಮ್ಮ ತೊಡೆಯ ಮೇಲೆ ಚೆಲ್ಲಿತು. ನೆನಪಿದೆಯೇ? ಹನ್ನೊಂದು ಗಂಟೆ ಹನ್ನೆರಡು ನಿಮಿಷ, ತಮ್ಮ ತಲೆಯ ಮೇಲಿನ ಗಡಿಯಾರದಲ್ಲೇ ನೋಡಿ ಬರೆದುಕೊಂಡಿದ್ದೇನೆ. ‘ಯೇಸು ಕ್ರಿಸ್ತ’ ಎಂದು ತಾವು ಎದ್ದು ನಿಂತಿರಿ, ಪೂರ್ತಿ ಹೆಸರು, ಸ್ಪಷ್ಟ ಉಚ್ಚಾರಣೆ. ಬರೆದುಕೊಳ್ಳುತ್ತಿದ್ದ ಟೈಪಿಸ್ಟಮ್ಮ ಬೆರಳು ಅಲ್ಲಾಡಿಸಲಿಲ್ಲ. ಯಾರೂ ಕೆಮ್ಮಲಿಲ್ಲ. ತಾವು ಒರೆಸಿಕೊಂಡು ಕೂತು, ನಾಲಿಗೆಯ ಮೇಲೆ ಹತೋಟಿ ಇಲ್ಲದವನು ಯಂತ್ರದ ಮೇಲೆ ಹತೋಟಿ ಇಟ್ಟುಕೊಳ್ಳಲಾರ ಎಂದು ಭಾವನಿಗೆ ಬುದ್ಧಿವಾದ ಹೇಳಿದಿರಿ. ತಮ್ಮ ಪ್ಯಾಂಟಿನ ಮೇಲೆ ಬಿದ್ದ ಕಾಫಿ ಒಬ್ಬ ಮನುಷ್ಯನ ಬೆನ್ನ ಮೇಲೆ ಬೀಳಲಿದ್ದ ಎರಡು ಟನ್ನಿಗಿಂತ ದೊಡ್ಡ ವಿಪತ್ತೇ ಸ್ವಾಮಿ? ಇಲ್ಲವೇ, ಶಿಸ್ತು ಎಂಬುದು ತೊಂಬತ್ತು ಅಡಿ ಮೇಲೆ ಕೂತವರಿಗೆ ಮಾತ್ರ ಮೀಸಲೇ?

ಮಾರನೆಯ ದಿನ ಸೈರನ್ ನನ್ನ ಕಿಟಕಿಗೆ ಬಂದು ಕೈಗವಸು ತೆಗೆದುಕೊಂಡ, ಆದರೆ ಹೋಗಲಿಲ್ಲ. ದೂರು ಕೊಟ್ಟಿದ್ದು ನೀನೇ ಅಂತೆ ಅಂದ. ಹೌದು ಅಂದೆ. ಹೊಡೆಯಲು ಬಂದಿದ್ದಾನೆ ಅಂದುಕೊಂಡೆ. ಹೊಡೆದಿದ್ದರೂ ಚೆನ್ನಾಗಿತ್ತು. ಅಷ್ಟು ಹೆಸರುಗಳಿರುವಾಗ ಅದೇ ಯಾಕೋ ನಿನ್ನ ಬಾಯಿಗೆ ಬರುತ್ತೆ ಎಂದು ಇಷ್ಟು ವರ್ಷಕ್ಕೆ ಮೊದಲ ಸಲ ಕೇಳಿದೆ. ನನ್ನ ಕೋಪವೇ ನನಗೆ ಸಾಕಾಗಿತ್ತಾದ್ದರಿಂದ ಹಿಂದೆಂದೂ ಕೇಳಿರಲಿಲ್ಲ. ಅವನು ಕೈಗವಸನ್ನು ತಿರುಗಿಸುತ್ತ ಹೇಳಿದ. “ಚಿಕ್ಕವನಿದ್ದಾಗ ಬಿದ್ದರೆ ನಮ್ಮಮ್ಮ ಆ ಹೆಸರು ಹೇಳ್ಕೊಂಡೇ ಓಡಿ ಬಂದು ಎತ್ಕೋತಿದ್ಲು. ಈಗ್ಲೂ ಪೆಟ್ಟಾದ್ರೆ ಅದೇ ಬರುತ್ತೆ. ಎತ್ಕೊಳ್ಳೋರು ಯಾರೂ ಬರಲ್ಲ. ಆಮೇಲೆ ಸಿಟ್ಟು ಬರುತ್ತೆ.”

ಇದು ಎಲ್ಲರ ಕಾರಣವಲ್ಲ, ಬಲ್ಲೆ. ಟೈಪಿಸ್ಟಮ್ಮನದು ಸಿನಿಮಾ, ತಮ್ಮದು ಕಾಫಿ. ಕೆಲವರದು ಬರೀ ಕೊಬ್ಬು, ದೇವರ ಹೆಸರು ಹೇಳಿ ಬೈದರೆ ಗಂಡಸುತನ ಎಂದು ತಿಳಿದವರು, ಅವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಆದರೆ ಇಪ್ಪತ್ತೇಳು ವರ್ಷ ನಾನು ಬೈಗುಳ ಎಂದು ಕಿವಿ ಮುಚ್ಚಿಕೊಂಡದ್ದರಲ್ಲಿ ಎಷ್ಟೋ ಕೂಗುಗಳು, ಯಾರಾದರೂ ಬನ್ನಿ ಎಂದು ಕರೆದು ಸೋತು ಹುಳಿಯಾದ ಕೂಗುಗಳಿರಬಹುದು. ಹಾಗಿದ್ದರೆ ಅದಕ್ಕೆ ಮದ್ದು ಸುತ್ತೋಲೆಯೇ? ನನಗೆ ಇದು ಮೊದಲೇ ತಿಳಿದಿದ್ದರೆ ತಮ್ಮ ಬಾಗಿಲು ತಟ್ಟುತ್ತಿರಲಿಲ್ಲ, ಸೈರನ್ನನ್ನೇ ಕರೆದು ಕೂರಿಸಿಕೊಂಡು ಮಾತಾಡುತ್ತಿದ್ದೆ.

ಈಗ ಮನೆಯ ವಿಷಯ. ಮನೆಯ ವಿಷಯ ಕಚೇರಿಗೆ ಸಂಬಂಧಿಸಿದ್ದಲ್ಲ ಎನ್ನುತ್ತೀರಿ, ಆದರೆ ಕಚೇರಿ ನಮ್ಮ ಊಟದ ಮೇಜಿಗೇ ಬಂದು ಕೂತಿದೆ. ತಮ್ಮ ಆದೇಶದ ಜೊತೆ ಆ ಟೈಪು ಹಾಳೆಯನ್ನೂ ಲಗತ್ತಿಸಿದ್ದೀರಿ. ಅದರಲ್ಲಿ ಭಾವನ ಮಾತು ಇರಬೇಕಾದ ಕಡೆ ಐದು ಚುಕ್ಕೆಗಳಿವೆ. ಬರೆಯಲು ನಾಚಿಕೆಯಾಗುವ ಮಾತುಗಳಿಗೆ ಇಡುತ್ತಾರಲ್ಲ, ಆ ಚುಕ್ಕೆ. ಅಕ್ಕ ಕನ್ನಡಕ ಹಾಕಿಕೊಂಡು ಅವುಗಳ ಮೇಲೆ ಬೆರಳಿಟ್ಟು, ಇಲ್ಲಿ ಏನಂದಿದ್ದರು ಇವರು ಎಂದು ಕೇಳಿದಳು. ಯಾವ ಹೊಲಸು ಮಾತೋ ಎಂದು ಹೆದರಿದ್ದಳು. ಹೆಸರು ಹೇಳಿದೆ. ನಂಬಲಿಲ್ಲ. ಅದಕ್ಕಾ ಎಂದು ಮೂರು ಸಲ ಕೇಳಿದಳು.

ಭಾವ ಗೇಟಿನ ಕೆಲಸದ ಬಗ್ಗೆ ಒಂದು ಮಾತೂ ಆಡಿಲ್ಲ. ನೆರಳಿದೆ, ಕುರ್ಚಿ ಇದೆ, ಏಣಿ ಹತ್ತುವ ಕಷ್ಟವಿಲ್ಲ ಎನ್ನುತ್ತಾರೆ. ಆದರೆ ಊಟಕ್ಕೆ ಮುಂಚೆ ಪ್ರಾರ್ಥನೆ ಹೇಳುವವರು ಆ ಮನೆಯಲ್ಲಿ ಅವರೇ. ಆದೇಶ ಬಂದ ದಿನದಿಂದ ಆ ಹೆಸರು ಬರುವ ಕಡೆ ಅವರು ನಿಲ್ಲುತ್ತಾರೆ. ಬೇಕೆಂದು ಮಾಡುವುದಲ್ಲ. ಆ ಹೆಸರನ್ನು ಬಿಟ್ಟು ಮುಂದಿನ ಸಾಲಿಗೆ ಹೋಗುತ್ತಾರೆ. ಮೊನ್ನೆ ಭಾನುವಾರ ನಾನೂ ಆ ಮೇಜಿಗೆ ಕೂತಿದ್ದೆ. ಅವರು ನಿಂತರು. ಅಕ್ಕ ನನ್ನ ಕಡೆ ನೋಡಿದಳು, ನೀನಾದರೂ ಹೇಳು ಎನ್ನುವ ಹಾಗೆ. ಆ ಸುತ್ತೋಲೆಯನ್ನು ಫಲಕಕ್ಕೆ ಅಂಟಿಸಿದ ನನ್ನ ಬಾಯಿಂದ ಅದು ಹೊರಡಲಿಲ್ಲ. ನಾವು ಮೂವರೂ ತಲೆ ತಗ್ಗಿಸಿ ಉಂಡೆವು.

ಮೇಲ್ಮನವಿಯ ಗಡುವು ಬರುವ ಶುಕ್ರವಾರ ಮುಗಿಯುತ್ತದೆ. ಅಷ್ಟರೊಳಗೆ ತಾವು ಮಾಡಬೇಕಾದದ್ದನ್ನು ಹೇಳುತ್ತೇನೆ. ಆ ಮೂರು ಸೆಕೆಂಡಿನ ಧ್ವನಿಮುದ್ರಣವನ್ನು ತಮ್ಮ ಕೊಠಡಿಯಲ್ಲಿ ಬಾಗಿಲು ಹಾಕಿಕೊಂಡು ಒಮ್ಮೆ ಕೇಳಿ. ಬೈಗುಳ ಯಾವುದು, ಕರೆ ಯಾವುದು ಎಂದು ತಿಳಿಯಲು ತಮಗೆ ಸಮಿತಿ ಬೇಕಾಗುವುದಿಲ್ಲ, ಕಾಫಿಯ ದಿನ ತಮ್ಮದೇ ದನಿ ಹೇಗಿತ್ತೆಂದು ನೆನಪು ಮಾಡಿಕೊಂಡರೆ ಸಾಕು. ಆಮೇಲೆ ಭಾವನನ್ನು ಆ ಗೂಡಿಗೆ ಹತ್ತಿಸಿ. ನಿವೃತ್ತಿಗೆ ಏಳು ತಿಂಗಳಿದೆ, ಕೊನೆಯ ದಿನ ಅವರು ತಮ್ಮದೇ ಕಾಲಿನಿಂದ ಇಳಿದು ಬರಲಿ, ತಾವು ಕೊಟ್ಟ ಆದೇಶದಿಂದಲ್ಲ. ನನ್ನ ದೂರನ್ನು ನನಗೆ ವಾಪಸು ಕೊಡಿ. ಆ ಟೈಪು ಹಾಳೆಯಲ್ಲಿ ಐದು ಚುಕ್ಕೆಗಳನ್ನು ಹೊಡೆದುಹಾಕಿ, ಅಲ್ಲಿದ್ದ ಹೆಸರನ್ನು ಪೂರ್ತಿಯಾಗಿ, ಟೈಪು ಮಾಡಿಸದೆ, ತಮ್ಮ ಕೈಯಾರೆ ಬರೆದು ಸಹಿ ಹಾಕಿ ಕಳಿಸಿ. ಅದನ್ನು ನಾನು ಆ ಊಟದ ಮೇಜಿನ ಮೇಲೆ ಇಡಬೇಕು. ಭಾವ ನಿಲ್ಲುವ ಜಾಗದಲ್ಲಿ ಅಕ್ಕ ಅದನ್ನು ಓದುತ್ತಾಳೆ.

ಇಂತಿ,
ದೇವರ ಮಾನ ಕಾಯಲು ಹೋಗಿ, ದೇವರನ್ನು ಕರೆದವರ ಬಾಯಿ ಕಟ್ಟಿಸಿದ,
ತಮ್ಮ ಫಲಕಕ್ಕೆ ಅಂಟು ಒದಗಿಸಿದ ಉಗ್ರಾಣದವನು