ತೆಳು ಸೂಜಿ

ಜೂನ್ 9
ಆಲ್ಕಲೈನ್ ಫಾಸ್ಫಟೇಸ್ ಅರ್ಧಕ್ಕಿಂತ ಕೆಳಗಿಳಿದಿದೆ. ಎಲ್‌ಡಿಎಚ್ ಕೂಡ ಇಳಿದಿದೆ. ಹೇಳಿದವರು ಡಾಕ್ಟರಮ್ಮ, ಎರಡನೇ ಕೀಮೋ ನಂತರದ ರಿಪೋರ್ಟ್ ನೋಡಿ. ಮೂಳೆಯ ಗಡ್ಡೆ ಔಷಧಿಗೆ ಬಗ್ಗುತ್ತಿದೆಯೇ ಎಂಬುದಕ್ಕೆ ರಕ್ತದ ಈ ಎರಡು ಅಂಶಗಳು ಸುಳಿವು ಕೊಡುತ್ತವಂತೆ. ಸುಳಿವು ಅಷ್ಟೇ, ತೀರ್ಪಲ್ಲ. ಬಗ್ಗಿದರೆ ಕೆಟ್ಟ ಮೂಳೆಯನ್ನು ಮಾತ್ರ ತೆಗೆದು ರಾಡ್ ಹಾಕುತ್ತಾರೆ. ಇಲ್ಲದಿದ್ದರೆ ಬಲಗಾಲೇ ಹೋಗಬಹುದು — ನಾನು ಓಡಿಸುವ ಸ್ಕೂಲ್ ವ್ಯಾನಿನ ಬ್ರೇಕ್ ಒತ್ತುವ ಕಾಲು.
ಕಾಲು ಹೋಗುವುದಿಲ್ಲ. ಬದಲಿ ಡ್ರೈವರ್‌ಗೆ ಫೋನ್ ಮಾಡಿದೆ. ಸೀಟು ಹಿಂದೆಮುಂದೆ ಮಾಡಬೇಡಿ, ನಾನು ಬರುತ್ತೇನೆ ಎಂದೆ.

ಜೂನ್ 30
ಮೂರನೇ ಕೀಮೋ ಆಯಿತು. ಲ್ಯಾಬ್‌ವರೆಗೆ ಹೋಗುವ ಶಕ್ತಿ ಇಲ್ಲ. ಅಕ್ಕ ಮಕ್ಕಳ ವಾರ್ಡಿನ ನರ್ಸ್. ಮನೆಯಲ್ಲೇ ರಕ್ತ ತೆಗೆದಳು, ಅಲ್ಲಿಯ ಅಭ್ಯಾಸದಂತೆ ತೀರಾ ತೆಳು ಸೂಜಿಯಲ್ಲಿ.
"ನೋವಾಯ್ತಾ?"
"ಇಲ್ಲ."
"ಜಾಣಮರಿ! ಅಳ್ಲೇ ಇಲ್ಲ ನೋಡು."
ರಕ್ತ ಸರಿಯಾಗಿ ಬರಲಿಲ್ಲ. ಸಿರಿಂಜ್ ಜೋರಾಗಿ ಎಳೆದಳು.

ಜುಲೈ 2
ಎಲ್‌ಡಿಎಚ್ ದುಪ್ಪಟ್ಟು. ಅಕ್ಕ ರಿಪೋರ್ಟನ್ನು ಫೋನಿನಲ್ಲಿ ಓದಿ ಹೇಳಿದಳು. ನಾಳೆಯೇ ಡಾಕ್ಟರಮ್ಮನ ಹತ್ತಿರ ಹೋಗೋಣ ಎಂದೆ.

ಜುಲೈ 3
"ಫಾಸ್ಫಟೇಸ್ ಇಳಿದಿದೆ, ಎಲ್‌ಡಿಎಚ್ ಏರಿದೆ. ನೋವು, ಊತ ಎರಡೂ ಕಮ್ಮಿ. ತಾಳೆ ಆಗ್ತಿಲ್ಲ," ಎಂದರು ಡಾಕ್ಟರಮ್ಮ. "ರಕ್ತ ತೆಗೆದಿದ್ದು ಯಾರು?"
ಅಕ್ಕ ಮೆಲ್ಲಗೆ ಕೈ ಎತ್ತಿದಳು. ಸೂಜಿಯ ವಿಷಯ ಹೇಳಿದಳು.
"ತೆಳು ಸೂಜೀಲಿ ಜೋರಾಗಿ ಎಳೆದ್ರೆ ರಕ್ತಕಣ ಒಡೆಯುತ್ತೆ ಸಿಸ್ಟರ್. ಅದರೊಳಗಿನ ಎಲ್‌ಡಿಎಚ್ಚೂ ಸೇರ್ಕೊಳ್ಳುತ್ತೆ. ಇದು ಗಡ್ಡೆ ಲೆಕ್ಕ ಅಲ್ಲ, ನಿಮ್ಮ ಸೂಜಿ ಲೆಕ್ಕ ಇರ್ಬೋದು. ಮತ್ತೆ ತೆಗೆಸೋಣ."
ಈ ಸಲವೂ ಅಕ್ಕನೇ ತೆಗೆದಳು, ದಪ್ಪ ಸೂಜಿಯಲ್ಲಿ. ಚೆನ್ನಾಗಿಯೇ ನೋವಾಯಿತು.
"ಗೊತ್ತಿದ್ದೂ ಹೀಗೆ ಮಾಡಿದೆ ಕಣೇ. ನಿನಗೆ ನೋವಾಗಬಾರದು ಅನ್ನೋದೊಂದೇ ತಲೇಲಿತ್ತು."
"ನಾನೇನು ನಿನ್ನ ವಾರ್ಡಿನ ಪಾಪುನಾ ಅಕ್ಕಾ? ಮೂವತ್ತಾಯ್ತು. ಇನ್ಮೇಲೂ ಧೈರ್ಯವಾಗಿ ಚುಚ್ಚು."
ನಕ್ಕಳು. ಮೂಗು ಒರೆಸಿಕೊಂಡಳು.

ಜುಲೈ 4
ಎಲ್‌ಡಿಎಚ್ ಜೂನ್ 9ರ ರಿಪೋರ್ಟಿಗಿಂತಲೂ ಕಡಿಮೆ. ಅಕ್ಕ ಎರಡು ಸಲ ಫೋನ್ ಮಾಡಿ ಅದನ್ನೇ ಹೇಳಿದಳು.

ಜುಲೈ 20
ಗಡ್ಡೆ ಔಷಧಿಗೆ ಬಗ್ಗಿದೆ ಎಂದು ಸ್ಕ್ಯಾನ್ ಕೂಡ ಹೇಳಿದೆ. ಮುಖ್ಯ ರಕ್ತನಾಳಕ್ಕೆ ಗಡ್ಡೆ ತಾಗಿಲ್ಲ. ಸರ್ಜನ್ ಒಪ್ಪಿದ್ದಾರೆ, ಕಾಲು ಉಳಿಸುವ ಆಪರೇಷನ್. ಗಡ್ಡೆ ಎಷ್ಟು ಸತ್ತಿದೆ ಎಂಬುದು, ತೆಗೆದ ಮೂಳೆಯನ್ನು ಪರೀಕ್ಷಿಸಿದ ಮೇಲಷ್ಟೇ ಖಚಿತ.
ನಾಳೆ ಬೆಳಿಗ್ಗೆ ಏಳಕ್ಕೆ ದಾಖಲಾಗಬೇಕು. ಸರ್ಜನ್ ಬಂದು ಬಲತೊಡೆಯ ಮೇಲೆ ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಎಂಟಕ್ಕೆ ಆಪರೇಷನ್ ಥಿಯೇಟರಿಗೆ ಕರೆದೊಯ್ಯುತ್ತಾರೆ.